ಸಿಓಟು ವೆಲ್ಡಿಂಗ್: ವೈರ್ ತುದಿಯ ಹನಿ ನೋಡಿ ಸೆಟ್ಟಿಂಗ್ ಇಡುವುದು ಹೇಗೆ

"ಅಣ್ಣಾ, 10 ಎಂಎಂ ಪ್ಲೇಟಿಗೆ ಎಷ್ಟು ವೋಲ್ಟ್ ಇಡಬೇಕು?" ಬಳ್ಳಾರಿಯ ನಮ್ಮ ಶೆಡ್ಡಿಗೆ ಹೊಸದಾಗಿ ಬರುವ ಹುಡುಗರು ಮೊದಲು ಕೇಳುವುದೇ ಇದನ್ನು. ಸಿಓಟು ವೆಲ್ಡಿಂಗ್ ಅಂದರೆ ಕೈಯಲ್ಲಿ ಹಿಡಿದ ಟಾರ್ಚಿನಿಂದ ವೈರ್ ತಾನಾಗೇ ಬರುತ್ತಾ ಕರಗಿ ಪ್ಲೇಟುಗಳನ್ನು ಕೂಡಿಸುವುದು, ಸುತ್ತ ಕಾರ್ಬನ್ ಡೈಆಕ್ಸೈಡ್ (ಸಿಓಟು) ಗ್ಯಾಸಿನ ಹೊದಿಕೆ ಇರುತ್ತದೆ. ಒಂದು ನಂಬರ್ ಹೇಳಿದೆ ಅಂದ್ಕೊಳ್ಳಿ, ಅದನ್ನು ಸೀಮೆಸುಣ್ಣದಲ್ಲಿ ಮಷೀನ್ ಮೇಲೆ ಬರೆದಿಡುತ್ತಾರೆ. ನಾಳೆ ಗ್ಯಾಸ್ ಬದಲಾದರೆ, ವೈರ್ 1.2 ಎಂಎಂನಿಂದ 0.8ಕ್ಕೆ ಬಂದರೆ, ಸಂಜೆ ಕರೆಂಟ್ ಡಿಮ್ ಆದರೆ ಆ ನಂಬರ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ನಾನು ಮೊದಲು ಹನಿ ನೋಡಲು ಹೇಳುತ್ತೇನೆ. ವೈರ್ ತುದಿಯಲ್ಲಿ ಕರಗಿದ ಲೋಹ ಜಾಯಿಂಟಿಗೆ ಹೇಗೆ ಹೋಗುತ್ತಿದೆ? ಮುಟ್ಟಿ ಹೋಗುತ್ತಿದೆಯೋ, ದಪ್ಪ ಹನಿಯಾಗಿ ಬೀಳುತ್ತಿದೆಯೋ, ತುಂತುರಾಗಿ ಹಾರುತ್ತಿದೆಯೋ? ಇಷ್ಟು ಗೊತ್ತಾದರೆ ವೋಲ್ಟು, ಆಂಪ್ಸು ನೀವೇ ಹಿಡಿಯಬಹುದು.

ನನಗೆ ಇದನ್ನು ಕಲಿಸಿದ್ದು ಒಂದು ಟ್ರ್ಯಾಕ್ಟರ್ ಟ್ರಾಲಿ. ಕೆಲಸ ಶುರು ಮಾಡಿದ ಹೊಸತು. ಟ್ರಾಲಿಯ ಮುಂದಿನ ಹುಕ್ಕಿನ ಪ್ಲೇಟ್ ನಾನೇ ಕೂಡಿಸಿದ್ದೆ, 12 ಎಂಎಂ ಪ್ಲೇಟ್. ಬೀಡ್, ಅಂದರೆ ವೆಲ್ಡಿನ ಗೆರೆ, ಎಷ್ಟು ಚೆಂದ ಬಂದಿತ್ತು ಅಂದರೆ ನೋಡಿದವರೆಲ್ಲ ಒಳ್ಳೆ ಕೈ ಅಂದಿದ್ದರು. ಕೊಯ್ಲಿನ ಹೊತ್ತಿಗೆ ಭತ್ತದ ಚೀಲ ಹೇರಿಕೊಂಡು ಹೋಗುವಾಗ ಕಾಲುವೆ ಏರಿ ಮೇಲೆ ಆ ಪ್ಲೇಟ್ ಬಿಟ್ಟುಕೊಂಡಿತು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಮುರಿದ ತುಂಡನ್ನು ಬೆಂಚ್ ಮೇಲಿಟ್ಟು ನೋಡಿದೆ. ವೆಲ್ಡ್ ಮಾಡೋಕೆ ಮುಂಚೆ ನಾನು ಗ್ರೈಂಡರ್ ಎಳೆದಿದ್ದೆನಲ್ಲ, ಆ ಗೀರುಗಳು ಪ್ಲೇಟಿನ ಮೇಲೆ ಹಾಗೇ ಕಾಣುತ್ತಿದ್ದವು. ಅಂದರೆ ಅಲ್ಲಿ ಪ್ಲೇಟ್ ಕರಗಿಯೇ ಇರಲಿಲ್ಲ. ಗೋಡೆಗೆ ತಟ್ಟಿದ ಬೆರಣಿ ಹಾಗೆ ವೆಲ್ಡ್ ಸುಮ್ನೆ ಅಂಟಿಕೊಂಡಿತ್ತು.

ಅವತ್ತು ನನ್ನ ಮಷೀನ್ 150 ಆಂಪ್ಸ್, 19 ವೋಲ್ಟಿನಲ್ಲಿ ಓಡುತ್ತಿತ್ತು. ಆ ಸೆಟ್ಟಿಂಗಿನಲ್ಲೇ ತಪ್ಪೇನಿಲ್ಲ, 3 ಎಂಎಂ ಶೀಟಿಗೆ ಅದು ಸರಿಯಾದದ್ದೇ. 12 ಎಂಎಂಗೆ ಅದನ್ನಿಟ್ಟದ್ದು ನನ್ನ ತಪ್ಪು.

ಮೊದಲು ವೈರ್ ವಿಷಯ. ನಮ್ಮ ಕಡೆ ಕಬ್ಬಿಣದ ಕೆಲಸಕ್ಕೆ ಬಹುತೇಕ ಎಲ್ಲರೂ ಹಾಕುವುದು ಇಆರ್70ಎಸ್-6. ಈ ಹೆಸರಿನಲ್ಲೇ ಅರ್ಥ ಇದೆ. 70 ಅಂದರೆ ವೆಲ್ಡಿನ ಬಲ, ಚದರ ಇಂಚಿಗೆ ಕನಿಷ್ಠ 70,000 ಪೌಂಡ್, ನಮ್ಮ ಲೆಕ್ಕದಲ್ಲಿ 480 ಮೆಗಾಪ್ಯಾಸ್ಕಲ್ (ಎಂಪಿಎ) ಹತ್ತಿರ. ಎಸ್ ಅಂದರೆ ಗಟ್ಟಿ ವೈರ್, ಒಳಗೆ ಪೌಡರ್ ಇಲ್ಲ. ಕೊನೆಯ 6 ಹೇಳುವುದು ಅದರಲ್ಲಿ ಏನೇನು ಬೆರೆಸಿದ್ದಾರೆ ಅನ್ನೋದನ್ನು: ಮ್ಯಾಂಗನೀಸ್ 1.40ರಿಂದ 1.85 ಪರ್ಸೆಂಟ್, ಸಿಲಿಕಾನ್ 0.80ರಿಂದ 1.15 ಪರ್ಸೆಂಟ್. ಇವು ಯಾಕೆ ಬೇಕು? ಆರ್ಕಿನ, ಅಂದರೆ ವೈರ್ ತುದಿಗೂ ಪ್ಲೇಟಿಗೂ ನಡುವೆ ಉರಿಯುವ ಕರೆಂಟಿನ ಕಿಡಿಯ, ಬಿಸಿಗೆ ಸಿಓಟು ಒಡೆದು ಆಮ್ಲಜನಕ ಬಿಡುತ್ತದೆ. ಅದು ಕರಗಿದ ಕಬ್ಬಿಣದಲ್ಲಿ ಉಳಿದರೆ ವೆಲ್ಡ್ ತೂತು ತೂತಾಗುತ್ತದೆ. ಮ್ಯಾಂಗನೀಸ್, ಸಿಲಿಕಾನ್ ಆ ಆಮ್ಲಜನಕವನ್ನು ಹಿಡಿದುಕೊಂಡು ಮೇಲೆ ತೇಲುತ್ತವೆ. ಬೀಡ್ ಆರಿದ ಮೇಲೆ ಅಲ್ಲಲ್ಲಿ ಕಂದು ಬಣ್ಣದ ಗಾಜಿನ ಚೂರಿನಂಥದ್ದು ಕಾಣುತ್ತದಲ್ಲ, ಅದು ಇದೇ. ಕೊಳೆ ಅಂತ ಹೆದರಬೇಡಿ. ಆದರೆ ಪೇಂಟ್ ಮಾಡೋಕೆ ಮುಂಚೆ, ಮೇಲೆ ಇನ್ನೊಂದು ರನ್ ಹಾಕೋಕೆ ಮುಂಚೆ ಕೆತ್ತಿ ತೆಗೆಯಿರಿ. ಇಲ್ಲದಿದ್ದರೆ ಪೇಂಟ್ ಅಲ್ಲೇ ಸುಲಿಯುತ್ತದೆ.

ಸೈಜ್: 1ರಿಂದ 3 ಎಂಎಂ ಶೀಟ್, ಪೈಪ್, ಗೇಟ್ ಕೆಲಸಕ್ಕೆ 0.8 ವೈರ್. ಟ್ರಾಲಿ, ಟಿಪ್ಪರ್ ಬಾಡಿ, ಚಾಸಿಗೆ 1.2. ಎರಡನ್ನೂ ಒಂದೇ ವೈರಿನಲ್ಲಿ ಮಾಡ್ತೀನಿ ಅಂದರೆ 1.0 ತಗೊಳ್ಳಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊಂದಿಕೊಳ್ಳುತ್ತದೆ. ಟಾರ್ಚ್ ಯಾವಾಗಲೂ ಪ್ಲಸ್ಸಿಗೆ, ಅರ್ಥ್ ಕೇಬಲ್ ಮೈನಸ್ಸಿಗೆ. ಉಲ್ಟಾ ಕೊಟ್ಟರೆ ಆರ್ಕ್ ನಿಲ್ಲುವುದೇ ಇಲ್ಲ, ತುದಿಯಲ್ಲಿ ದಪ್ಪ ಗುಳಿಗೆ ಕಟ್ಟಿ ಅಲ್ಲಾಡುತ್ತದೆ. ಗ್ಯಾಸ್ ಬೇಡದ ಪೌಡರ್ ವೈರ್ ಸಿಗುತ್ತದಲ್ಲ, ಅದನ್ನು ಮಾತ್ರ ಸಾಮಾನ್ಯವಾಗಿ ಮೈನಸ್ಸಿಗೆ ಕೊಡುತ್ತಾರೆ. ಬಾಕ್ಸ್ ಮೇಲೆ ಬರೆದಿರುತ್ತದೆ, ಓದಿ.

ಈಗ ಹನಿಯ ವಿಷಯ.

ಕಡಿಮೆ ಆಂಪ್ಸ್, ಕಡಿಮೆ ವೋಲ್ಟಿನಲ್ಲಿ ಆಗುವುದು ಶಾರ್ಟ್ ಸರ್ಕ್ಯೂಟ್. ವೈರ್ ಮುಂದೆ ಬರುತ್ತಾ ಬರುತ್ತಾ ತುದಿಯಲ್ಲಿ ಸಣ್ಣ ಹನಿ ಕಟ್ಟುತ್ತದೆ. ಆ ಹನಿ ಕೆಳಗಿನ ಕರಗಿದ ಕೊಳವನ್ನು ಮುಟ್ಟುತ್ತದೆ. ಮುಟ್ಟಿದ ಕೂಡಲೇ ಆರ್ಕ್ ಆರುತ್ತದೆ, ಕರೆಂಟ್ ಸರ್ರನೆ ಏರುತ್ತದೆ. ಏರಿದ ಕರೆಂಟ್ ಹನಿಯ ಕುತ್ತಿಗೆಯನ್ನು ನಾಲ್ಕೂ ಕಡೆಯಿಂದ ಹಿಸುಕುತ್ತದೆ, ಕುತ್ತಿಗೆ ತುಂಡಾಗಿ ಹನಿ ಕೊಳಕ್ಕೆ ಸೇರುತ್ತದೆ, ಆರ್ಕ್ ಮತ್ತೆ ಹೊತ್ತಿಕೊಳ್ಳುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿಗೆ 20ರಿಂದ 200 ಸಲ ನಡೆಯುತ್ತದೆ. ಅದಕ್ಕೇ ಆ ಸದ್ದು: ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗ ಬರುವ ಚರ್ರ್ ಅನ್ನೋ ಸದ್ದು, ನಡುವೆ ಎಲ್ಲೂ ಬಿಡುವಿಲ್ಲದೆ. ಆರ್ಕ್ ಪದೇ ಪದೇ ಆರುವುದರಿಂದ ಜಾಬಿಗೆ, ಅಂದರೆ ಕೂಡಿಸುವ ಕಬ್ಬಿಣಕ್ಕೆ, ಹೋಗುವ ಬಿಸಿ ಕಡಿಮೆ. ತೆಳು ಶೀಟ್ ತೂತು ಬೀಳುವುದಿಲ್ಲ, ನಿಂತ ಜಾಯಿಂಟು, ತಲೆ ಮೇಲಿನ ಜಾಯಿಂಟು ಎಲ್ಲ ಮಾಡಬಹುದು. ಅದೇ ಗುಣ ದಪ್ಪ ಪ್ಲೇಟಿಗೆ ಬಂದಾಗ ದೋಷ ಆಗುತ್ತದೆ, ನನ್ನ ಟ್ರಾಲಿಗೆ ಆದ ಹಾಗೆ. 0.8 ವೈರಿಗೆ 60ರಿಂದ 120 ಆಂಪ್ಸ್, 16ರಿಂದ 19 ವೋಲ್ಟ್. 1.2 ವೈರಿಗೆ 120ರಿಂದ 180 ಆಂಪ್ಸ್, 18ರಿಂದ 21 ವೋಲ್ಟ್. ಶುರು ಮಾಡೋಕೆ ಇಷ್ಟು ಸಾಕು.

ಇದಕ್ಕಿಂತ ಮೇಲೆ ಏರಿಸಿದರೆ, ಗ್ಯಾಸ್ ಬರೀ ಸಿಓಟು ಆಗಿದ್ದರೆ, ಹನಿ ದಪ್ಪ ಆಗುತ್ತದೆ. ವೈರಿನ ದಪ್ಪಕ್ಕಿಂತ ದೊಡ್ಡ ಗುಂಡು ತುದಿಗೆ ಜೋತು ಬೀಳುತ್ತದೆ. ಇದಕ್ಕೆ ಗ್ಲಾಬ್ಯುಲರ್ ಅಂತಾರೆ. ಸಿಓಟುನಲ್ಲಿ ಆರ್ಕ್ ಹನಿಯ ತಳದಲ್ಲೇ ಒಂದು ಕಡೆ ಸೇರಿಕೊಂಡು ಹನಿಯನ್ನು ಮೇಲಕ್ಕೆ ನೂಕುತ್ತದೆ. ಹನಿ ನೇರವಾಗಿ ಬೀಳುವುದಿಲ್ಲ, ಪಕ್ಕಕ್ಕೆ ವಾಲಿ, ತೂಕ ಜಾಸ್ತಿ ಆದಾಗ ಧೊಪ್ಪನೆ ಬೀಳುತ್ತದೆ. ಸಿಡಿಯುತ್ತದೆ. ಸದ್ದು ಜೋಳದ ಅಳ್ಳು ಹುರಿದ ಹಾಗೆ, ಪಟ್ ಅಂತ ಒಂದು, ಬಿಟ್ಟು ಇನ್ನೊಂದು. ನಾಝಲ್ (ಟಾರ್ಚಿನ ಗ್ಯಾಸ್ ಬರುವ ಮೂತಿ) ಒಳಗೆ ಗುಳಿಗೆ ಅಂಟುತ್ತದೆ, ಪ್ಲೇಟ್ ತುಂಬಾ ಸ್ಪ್ಯಾಟರ್, ಅಂದರೆ ಸಿಡಿದು ಅಂಟಿದ ಲೋಹ, ಆಮೇಲೆ ಉಳಿ ಹಿಡಿದು ಒಬ್ಬ ಹುಡುಗ ಅರ್ಧ ದಿನ ಕೂರಬೇಕು.

ಹಾಗಂತ ಬರೀ ಸಿಓಟುನಲ್ಲಿ ದಪ್ಪ ಪ್ಲೇಟ್ ಆಗುವುದಿಲ್ಲ ಅಂತಲ್ಲ. ನಮ್ಮ ಕಡೆ ಟಿಪ್ಪರ್ ಬಾಡಿ ಎಷ್ಟೋ ಕಡೆ ಅದರಲ್ಲೇ ಆಗುತ್ತದೆ, ಸಂಡೂರಿನ ಅದಿರು ಹೊತ್ತು ಓಡಾಡುತ್ತವೆ. ದಾರಿ ಇದು: 1.2 ವೈರಿನಲ್ಲಿ 250ರಿಂದ 300 ಆಂಪ್ಸಿಗೆ ಹೋಗಿ, ವೋಲ್ಟನ್ನು ಸ್ವಲ್ಪ ಬಿಗಿಯಾಗಿ, ಅಂದರೆ ಬೇಕಾದ್ದಕ್ಕಿಂತ ಒಂದು ಎರಡು ಕಡಿಮೆ ಇಡಿ. ಆಗ ಆರ್ಕ್ ಪ್ಲೇಟಿನ ಮಟ್ಟಕ್ಕಿಂತ ಕೆಳಗೆ, ತಾನೇ ತೋಡಿದ ಗುಂಡಿಯಲ್ಲಿ ಕೂರುತ್ತದೆ. ಹನಿ ಸಿಡಿದರೂ ಆ ಗುಂಡಿಯ ಗೋಡೆಗೇ ಬೀಳುತ್ತದೆ. ಒಳಗೆ ಚೆನ್ನಾಗಿ ಹಿಡಿಯುತ್ತದೆ. ಬೀಡ್ ಮಾತ್ರ ಸ್ವಲ್ಪ ಉಬ್ಬಾಗಿ, ಒರಟಾಗಿ ಬರುತ್ತದೆ. ಬಲ ಬೇಕಾದ ಜಾಗದಲ್ಲಿ ಆ ಒರಟು ಬೀಡೇ ನನಗೆ ಇಷ್ಟ.

ಮೂರನೆಯದು ಸ್ಪ್ರೇ. ಇದಕ್ಕೆ ಆರ್ಗಾನ್ ಬೇಕೇ ಬೇಕು, ಕಡಿಮೆ ಅಂದರೂ 80 ಪರ್ಸೆಂಟ್ ಹತ್ತಿರ. ಬರೀ ಸಿಓಟುನಲ್ಲಿ ಎಷ್ಟು ಆಂಪ್ಸ್ ಏರಿಸಿದರೂ ನಿಜವಾದ ಸ್ಪ್ರೇ ಬರುವುದಿಲ್ಲ, ಮಷೀನಿಗೆ ಎಷ್ಟೇ ದುಡ್ಡು ಕೊಟ್ಟಿದ್ದರೂ ಅಷ್ಟೇ. ಆರ್ಗಾನಿನಲ್ಲಿ ಆರ್ಕ್ ಹನಿಯ ತಳದಲ್ಲಿ ಕೂರದೆ ವೈರ್ ತುದಿಯನ್ನು ಸುತ್ತಲೂ ಆವರಿಸಿಕೊಳ್ಳುತ್ತದೆ. ಹಿಸುಕುವ ಬಲ ಹನಿಯನ್ನು ಕೆಳಕ್ಕೇ ದಬ್ಬುತ್ತದೆ. ವೈರ್ ತುದಿ ಪೆನ್ಸಿಲ್ ಚೂಪು ಮಾಡಿದ ಹಾಗೆ ಆಗಿ, ಅಲ್ಲಿಂದ ವೈರಿಗಿಂತ ಸಣ್ಣ ಹನಿಗಳು ಸೆಕೆಂಡಿಗೆ ನೂರಾರು ಸಾಲಾಗಿ ಹಾರುತ್ತವೆ. ಹೀಗಾಗುವುದು ಒಂದು ಗಡಿ ದಾಟಿದ ಮೇಲೆ ಮಾತ್ರ. 1.2 ವೈರಿಗೆ, ಆರ್ಗಾನಿಗೆ 2 ಪರ್ಸೆಂಟ್ ಆಕ್ಸಿಜನ್ ಬೆರೆಸಿದ್ದರೆ ಆ ಗಡಿ 220 ಆಂಪ್ಸ್ ಸುತ್ತಮುತ್ತ. ಸಿಓಟು ಪಾಲು ಜಾಸ್ತಿ ಆದಷ್ಟೂ ಗಡಿ ಮೇಲೆ ಹೋಗುತ್ತದೆ, ಅದಕ್ಕೆ 80-20 ಗ್ಯಾಸಿನಲ್ಲಿ (80 ಪಾಲು ಆರ್ಗಾನ್, 20 ಪಾಲು ಸಿಓಟು) 250 ದಾಟಿಸಿ, 27ರಿಂದ 30 ವೋಲ್ಟ್ ಕೊಡಿ. ಗಡಿ ದಾಟಿದ್ದು ಕಿವಿಗೇ ಗೊತ್ತಾಗುತ್ತದೆ. ಪಟಪಟ ನಿಂತು, ನಲ್ಲಿಯಲ್ಲಿ ನೀರು ಬರೋಕೆ ಮುಂಚೆ ಗಾಳಿ ಬರುತ್ತದಲ್ಲ, ಆ ಥರ ಸುಸ್ಸ್ ಅನ್ನುತ್ತದೆ. ಸ್ಪ್ಯಾಟರ್ ಇಲ್ಲವೇ ಇಲ್ಲ ಅನ್ನಬಹುದು.

ಆದರೆ ಕೊಳ ದೊಡ್ಡದು, ತೆಳ್ಳಗೆ ಹರಿಯುತ್ತದೆ. ಮಲಗಿಸಿದ ಜಾಯಿಂಟಿಗೆ, ಮಲಗಿಸಿದ ಮೂಲೆಗೆ ಸರಿ. ನಿಂತ ಜಾಯಿಂಟಿನಲ್ಲಿ ಎಲ್ಲ ಕೆಳಗೆ ಸುರಿದುಹೋಗುತ್ತದೆ. 5, 6 ಎಂಎಂಗಿಂತ ತೆಳು ಪ್ಲೇಟಿಗೂ ಬೇಡ. ಪಲ್ಸ್ ಮಷೀನ್ ಇದ್ದರೆ ಈ ತೊಂದರೆ ತಪ್ಪುತ್ತದೆ. ಅದು ಕರೆಂಟನ್ನು ಗಡಿಯ ಮೇಲೆ ಏರಿಸಿ ಒಂದು ಹನಿ ಬಿಡಿಸುತ್ತದೆ, ತಕ್ಷಣ ಕೆಳಗಿಳಿಸಿ ಆರ್ಕ್ ಆರದ ಹಾಗೆ ಮಾತ್ರ ಇಟ್ಟುಕೊಳ್ಳುತ್ತದೆ, ಮತ್ತೆ ಏರಿಸುತ್ತದೆ. ಸರಾಸರಿ ಬಿಸಿ ಕಡಿಮೆ, ಹನಿ ಮಾತ್ರ ಸ್ಪ್ರೇದೇ. ದುಬಾರಿ ಮಷೀನು, ಆದರೆ ನಿಂತ ಜಾಯಿಂಟಿಗೆ, ಅಲ್ಯೂಮಿನಿಯಮ್‌ಗೆ ಅದರಂಥದ್ದು ಇನ್ನೊಂದಿಲ್ಲ.

ಸೆಟ್ಟಿಂಗ್ ಹಿಡಿಯುವಾಗ ಎರಡು ನಾಬ್‌ಗಳ ಕೆಲಸ ಬೇರೆ ಬೇರೆ ಅನ್ನೋದು ನೆನಪಿರಲಿ. ವೈರ್ ಸ್ಪೀಡ್ ಜಾಸ್ತಿ ಮಾಡಿದರೆ ಆಂಪ್ಸ್ ಏರುತ್ತದೆ. ವೋಲ್ಟ್ ಜಾಸ್ತಿ ಮಾಡಿದರೆ ಆರ್ಕ್ ಉದ್ದ ಆಗುತ್ತದೆ. ರಾಡ್ ವೆಲ್ಡಿಂಗಿನಿಂದ ಬಂದವರು ಇಲ್ಲೇ ಎಡವುತ್ತಾರೆ, ಅಲ್ಲಿ ಆಂಪ್ಸ್ ನೇರವಾಗಿ ಕೈಯಲ್ಲಿರುತ್ತದೆ, ಅಲ್ವಾ. ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಪ್ಲೇಟ್ ದಪ್ಪ ನೋಡಿ ಹನಿ ಯಾವ ಥರ ಬೇಕು ಅಂತ ತೀರ್ಮಾನ ಮಾಡುತ್ತೇನೆ. ಅದಕ್ಕೆ ಬೇಕಾದ ವೈರ್ ಸ್ಪೀಡ್ ಇಡುತ್ತೇನೆ. 1.2 ವೈರ್ ನಿಮಿಷಕ್ಕೆ 3 ಮೀಟರ್ ಬಂದರೆ ಸುಮಾರು 140 ಆಂಪ್ಸ್, 8 ಮೀಟರ್ ಬಂದರೆ 250 ಹತ್ತಿರ. ಮಷೀನಿನಲ್ಲಿ ಮೀಟರ್ ಇಲ್ಲದಿದ್ದರೆ ಟಾರ್ಚನ್ನು ಜಾಬಿನಿಂದ ದೂರ ಹಿಡಿದು 6 ಸೆಕೆಂಡ್ ಟ್ರಿಗರ್ ಒತ್ತಿ, ಬಂದ ವೈರ್ ಅಳೆದು 10ರಿಂದ ಗುಣಿಸಿ. ಆಗ ವೈರಿನಲ್ಲಿ ಕರೆಂಟ್ ಇರುತ್ತದೆ, ಯಾವುದಕ್ಕೂ ತಾಗಿಸಬೇಡಿ.

ಆಮೇಲೆ ತುಂಡು ಪ್ಲೇಟ್ ಮೇಲೆ ಓಡಿಸುತ್ತಾ ವೋಲ್ಟ್ ಸರಿಮಾಡಿ. ವೈರ್ ಪ್ಲೇಟಿಗೆ ಗುದ್ದಿ ಟಾರ್ಚನ್ನು ಹಿಂದಕ್ಕೆ ತಳ್ಳುತ್ತಿದ್ದರೆ ವೋಲ್ಟ್ ಕಡಿಮೆ. ತುದಿಯಲ್ಲಿ ಗುಂಡು ಕಟ್ಟಿ ಟಿಪ್ (ಟಾರ್ಚಿನಲ್ಲಿ ವೈರ್ ಹೊರಬರುವ ತೂತಿನ ತುಂಡು) ಕಡೆಗೆ ಏರುತ್ತಿದ್ದರೆ ಜಾಸ್ತಿ. ಅರ್ಧ ಅರ್ಧ ವೋಲ್ಟ್ ಬದಲಿಸಿ, ಒಂದೇ ಸಲ ಮೂರು ನಾಲ್ಕು ಬೇಡ. ಒಂದೇ ವೈರ್ ಸ್ಪೀಡಿಗೆ ಬರೀ ಸಿಓಟು ಆದರೆ ಆರ್ಗಾನ್ ಬೆರೆತ ಮಿಕ್ಸ್ ಗ್ಯಾಸಿಗಿಂತ ಎರಡು ಮೂರು ವೋಲ್ಟ್ ಜಾಸ್ತಿ ಬೇಕು. ಇಂಡಕ್ಟೆನ್ಸ್ ಅನ್ನೋ ನಾಬ್ ಇದ್ದರೆ ಅದು ಶಾರ್ಟ್ ಸರ್ಕ್ಯೂಟಿನಲ್ಲಿ ಕರೆಂಟ್ ಎಷ್ಟು ಜೋರಾಗಿ ಏರಬೇಕು ಅನ್ನೋದಕ್ಕೆ. ಏರಿಸಿದರೆ ಹನಿ ಮೆತ್ತಗೆ ಬಿಡುತ್ತದೆ, ಸ್ಪ್ಯಾಟರ್ ಕಡಿಮೆ. ತೀರಾ ಏರಿಸಿದರೆ ಆರ್ಕ್ ಶುರುವಾಗುವಾಗ ತಡವರಿಸುತ್ತದೆ.

ಟಿಪ್‌ನಿಂದ ಹೊರಗೆ ಎಷ್ಟು ವೈರ್ ಇರಬೇಕು ಅನ್ನೋದನ್ನು ತುಂಬಾ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಶಾರ್ಟ್ ಸರ್ಕ್ಯೂಟಿಗೆ 10, 12 ಎಂಎಂ. ಸ್ಪ್ರೇಗೆ 15ರಿಂದ 20. ಟಾರ್ಚ್ ಮೇಲೆತ್ತಿದಷ್ಟೂ ಹೊರಗಿನ ವೈರ್ ಉದ್ದ ಆಗಿ ಆಂಪ್ಸ್ ಬೀಳುತ್ತದೆ, ಜಾಯಿಂಟ್ ಒಳಗೆ ಹಿಡಿಯುವುದಿಲ್ಲ, ಮೀಟರ್ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಕಿರಿದಾದ ಮೂಲೆಗೆ ನಾಝಲ್ ಹೋಗುತ್ತಿಲ್ಲ ಅಂತ ದೂರದಿಂದ ಹೊಡೆಯುತ್ತಾರಲ್ಲ, ಅಲ್ಲೇ ಬಿರುಕು ಮೊದಲು ಬಿಡುವುದು. ಚಿಕ್ಕ ನಾಝಲ್ ಹಾಕಿ, ಹತ್ತಿರ ಹೋಗಿ.

ನಿಂತ ಜಾಯಿಂಟಿನ ಬಗ್ಗೆ ಇನ್ನೊಂದು ಮಾತು. ಮೇಲಿಂದ ಕೆಳಕ್ಕೆ ಎಳೆದರೆ ಬೇಗ ಆಗುತ್ತದೆ, ನೋಡೋಕೂ ನುಣುಪು. ತೆಳು ಶೀಟಿಗೆ ಹಾಗೇ ಮಾಡಿ. 6 ಎಂಎಂ ಮತ್ತು ಅದಕ್ಕಿಂತ ದಪ್ಪದ, ಭಾರ ಹೊರುವ ಜಾಯಿಂಟಿಗೆ ಕೆಳಗಿನಿಂದ ಮೇಲಕ್ಕೇ ಹೋಗಿ. ಮೇಲಿಂದ ಬರುವಾಗ ಕರಗಿದ ಲೋಹ ಆರ್ಕಿಗಿಂತ ಮುಂದೆ ಜಾರಿ ಪ್ಲೇಟನ್ನು ಮುಚ್ಚಿಬಿಡುತ್ತದೆ, ಆರ್ಕ್ ಲೋಹದ ಮೇಲೆ ಉರಿಯುತ್ತದೆಯೇ ಹೊರತು ಪ್ಲೇಟ್ ಮೇಲಲ್ಲ.

ಗ್ಯಾಸಿಗೆ ನಮ್ಮೂರಿನ ಬಿಸಿಲು, ಗಾಳಿ ಎರಡೂ ಶತ್ರು. ಏಪ್ರಿಲ್, ಮೇನಲ್ಲಿ ತಗಡಿನ ಶೆಡ್ ಒಳಗೆ ನಿಲ್ಲೋಕಾಗಲ್ಲ, ಹುಡುಗರು ಫ್ಯಾನ್ ತಮ್ಮ ಕಡೆ ತಿರುಗಿಸಿಕೊಳ್ಳುತ್ತಾರೆ. ಅವರ ತಪ್ಪಲ್ಲ. ಆದರೆ ಸೆಕೆಂಡಿಗೆ ಎರಡು ಮೀಟರ್ ಗಾಳಿ ಬೀಸಿದರೂ ಗ್ಯಾಸಿನ ಹೊದಿಕೆ ಹರಿಯುತ್ತದೆ, ಬೀಡಿನಲ್ಲಿ ಸೂಜಿ ಚುಚ್ಚಿದ ಹಾಗೆ ತೂತು. ಆಗ ಗ್ಯಾಸ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅಂತ 25, 30 ಲೀಟರಿಗೆ ಏರಿಸುತ್ತಾರೆ. ಅದು ನಾಝಲ್‌ನಿಂದ ಸುಳಿಯಾಗಿ ಬಂದು ಹೊರಗಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಇನ್ನೂ ಹಾಳು. ನಿಮಿಷಕ್ಕೆ 12ರಿಂದ 15 ಲೀಟರ್ ಸಾಕು, ಸ್ಪ್ರೇಗೆ 18 ತನಕ. ಜಾಬ್ ಸುತ್ತ ತಗಡಿನ ಮರೆ ನಿಲ್ಲಿಸಿ, ಫ್ಯಾನ್ ಗಾಳಿ ಬೆನ್ನಿಗೆ ಬರಲಿ, ಜಾಯಿಂಟಿಗಲ್ಲ. ಟಿಪ್ಪರ್ ಬಾಡಿ ಒಳಗೆ, ಟ್ಯಾಂಕರ್ ಒಳಗೆ ಇಳಿದು ಮಾಡುವಾಗ ಮಾತ್ರ ಗಾಳಿ ಆಡಲೇಬೇಕು. ಸಿಓಟು ಕೆಳಗೆ ತುಂಬಿಕೊಳ್ಳುತ್ತದೆ, ಆರ್ಕಿನಲ್ಲಿ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತದೆ. ಹೊರಗೆ ಒಬ್ಬ ನಿಂತಿರಲಿ, ಹೊಗೆ ಎಳೆಯೋಕೆ ಬ್ಲೋವರ್ ಇರಲಿ, ಒಬ್ಬರೇ ಇಳಿಯಬೇಡಿ.

ಸಿಲಿಂಡರ್ ನೆರಳಿನಲ್ಲಿರಲಿ. ಸಿಓಟು ಒಳಗೆ ದ್ರವವಾಗಿರುತ್ತದೆ, 31 ಡಿಗ್ರಿ ದಾಟಿದರೆ ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಏರುತ್ತಾ ಹೋಗುತ್ತದೆ. ನಮ್ಮಲ್ಲಿ 40 ದಾಟುತ್ತದೆ. ಇನ್ನು ಗೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ, ತೂಕವೇ ನೋಡಬೇಕು. ಜೋರಾಗಿ ಓಡಿಸುವಾಗ ರೆಗ್ಯುಲೇಟರ್ ಮೇಲೆ ಬಿರುಬಿಸಿಲಲ್ಲೂ ಮಂಜು ಕಟ್ಟುತ್ತದೆ, ದ್ರವ ಆವಿಯಾಗುವಾಗ ಬಿಸಿ ಹೀರುತ್ತದೆ. ಮಂಜು ಕಟ್ಟಿದರೆ ಗ್ಯಾಸ್ ಬಿಟ್ಟು ಬಿಟ್ಟು ಬರುತ್ತದೆ. ಹೀಟರ್ ಹಾಕಿ, ಅದರ ವೈರ್ ಕಿತ್ತುಹೋಗಿದೆಯಾ ಅಂತ ಬೆಳಿಗ್ಗೆ ಒಮ್ಮೆ ನೋಡಿ.

ಹನಿ ಒಂದೇ ಸಮ ಬೀಳಬೇಕಾದರೆ ವೈರ್ ಒಂದೇ ಸಮ ಬರಬೇಕು. ಇಲ್ಲಿ ಅದಿರಿನ ಧೂಳು, ಕೆಂಪು ಮಣ್ಣು ಸುರುಳಿ ಮೇಲೆ ಕೂತು, ವೈರ್ ಜೊತೆ ಲೈನರ್ (ಟಾರ್ಚಿಗೆ ವೈರ್ ಸಾಗುವ ಕೊಳವೆ) ಒಳಗೆ ಹೋಗಿ ಅರೆದುಹೋಗುತ್ತದೆ. ಸುರುಳಿಗೆ ಮುಚ್ಚಳ ಇರಲಿ. ವೈರ್ ನೂಕುವ ರೋಲರಿನ ಹಿಂದೆ ವೈರಿಗೆ ಒಂದು ತುಂಡು ಫೆಲ್ಟ್ ಬಟ್ಟೆ ಕ್ಲಿಪ್ ಮಾಡಿ, ಒಂದು ವಾರ ಬಿಟ್ಟು ಅದನ್ನು ಬಿಚ್ಚಿ ನೋಡಿ, ಕಪ್ಪಗಾಗಿರುತ್ತದೆ. ಸುರುಳಿ ಬದಲಿಸುವಾಗೆಲ್ಲ ಲೈನರಿಗೆ ಏರ್ ಹೊಡೆಯಿರಿ. ರೋಲರ್ ಗಟ್ಟಿ ವೈರಿಗೆ ವಿ ಆಕಾರದ ತೋಡಿನದು, ಅಲ್ಯೂಮಿನಿಯಮ್‌ಗೆ ಯು, ಪೌಡರ್ ವೈರಿಗೆ ಹಲ್ಲಿನದು. ಬಿಗಿ ಎಷ್ಟು ಅಂದರೆ, ಮರದ ತುಂಡಿಗೆ ವೈರ್ ಬಿಟ್ಟಾಗ ಜಾರದೆ ಸುರುಳಿ ಸುತ್ತಬೇಕು, ಅಷ್ಟೇ. ಟಿಪ್ ತೂತು ಮೊಟ್ಟೆಯಾಕಾರ ಆಗಿದ್ದರೆ ಬಿಸಾಕಿ. ಚಿಕ್ಕ ಸಾಮಾನು, ಅದರಿಂದ ಹಾಳಾಗುವ ಜಾಬ್ ದೊಡ್ಡದು.

ಕೊನೆಗೆ, ಸೆಟ್ಟಿಂಗ್ ಸರಿ ಇದೆಯಾ ಅಂತ ಬೀಡ್ ನೋಡಿ ಹೇಳಬೇಡಿ, ಒಡೆದು ನೋಡಿ. ನೀವು ಮಾಡಬೇಕಾದ ದಪ್ಪದ ಪ್ಲೇಟಿನ ಎರಡು ತುಂಡು ತಗೊಳ್ಳಿ, 150 ಎಂಎಂ ಉದ್ದ ಸಾಕು. ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಕಡೆ ವೆಲ್ಡ್ ಮಾಡಿ. ಪೂರ್ತಿ ಆರಲಿ, ನೀರಿಗೆ ಹಾಕಬೇಡಿ. ವೈಸಿಗೆ ಹಿಡಿದು, ವೆಲ್ಡ್ ಇಲ್ಲದ ಕಡೆಯಿಂದ ಸುತ್ತಿಗೆಯಲ್ಲಿ ಹೊಡೆದು ನಿಂತ ಪ್ಲೇಟನ್ನು ವೆಲ್ಡಿನ ಕಡೆಗೇ ಮಲಗಿಸಿ, ವೆಲ್ಡಿನ ಬೇರು, ಅಂದರೆ ಎರಡು ಪ್ಲೇಟ್ ಕೂಡುವ ಒಳಮೂಲೆ, ತೆರೆದುಕೊಳ್ಳಬೇಕು. ಕನ್ನಡಕ ಹಾಕಿಕೊಳ್ಳಿ, ಎದುರಿಗೆ ಯಾರೂ ಬೇಡ. ಮುರಿದರೆ ಒಳಗೆ ನೋಡಿ. ಬೇರಿನ ಉದ್ದಕ್ಕೂ ಪ್ಲೇಟಿನ ಅಂಚು ಗೆರೆ ಎಳೆದ ಹಾಗೆ ನೇರವಾಗಿ, ಗ್ರೈಂಡರ್ ಗೀರಿನ ಸಮೇತ ಕಾಣುತ್ತಿದ್ದರೆ ಹನಿ ತಣ್ಣಗೆ ಬಿದ್ದಿದೆ. ಅಂಚೇ ಕಾಣದೆ, ಇಡೀ ಮುಖ ಬೂದು ಬಣ್ಣದ ಒರಟು ಮುರುಕಾಗಿದ್ದರೆ ಹಿಡಿದಿದೆ. ಎಷ್ಟೋ ಸಲ ಮುರಿಯುವುದೇ ಇಲ್ಲ, ಪ್ಲೇಟ್ ಪೂರ್ತಿ ಬಾಗಿ ಮಲಗುತ್ತದೆ. ಆ ತುಂಡಿನ ಮೇಲೆ ವೈರ್ ಸೈಜ್, ಗ್ಯಾಸ್, ವೈರ್ ಸ್ಪೀಡ್, ವೋಲ್ಟ್ ನಾಲ್ಕನ್ನೂ ಪೇಂಟಿನಲ್ಲಿ ಬರೆದು ಮಷೀನ್ ಪಕ್ಕದ ಮೊಳೆಗೆ ತೂಗುಹಾಕಿ. ನಮ್ಮ ಶೆಡ್ಡಿನಲ್ಲಿ ಅಂಥ ಏಳು ತುಂಡು ತೂಗುತ್ತಿವೆ, 3 ಎಂಎಂನಿಂದ 16 ಎಂಎಂ ತನಕ. ಹೊಸ ಹುಡುಗ ಬಂದು ಎಷ್ಟು ವೋಲ್ಟ್ ಅಂತ ಕೇಳಿದರೆ, ಮೊದಲು ಅವನ ಕೈಗೆ ಎರಡು ತುಂಡು ಪ್ಲೇಟು, ಒಂದು ಸುತ್ತಿಗೆ ಕೊಡುತ್ತೇನೆ.